ಕೆಂಪು ಹೂವಿನ ಬೇಲಿ

ಎರಡು ಮನೆಗಳ ನಡುವೆ ಬೇಲಿಯಾಗಿ ಬೆಳೆದ ಕ್ವಿನ್ಸ್ ಎಂಬ ಹೂಗಿಡ ಒಂದೂ ಎಲೆಯಿಲ್ಲದೆ, ಬರೀ ಮುಳ್ಳು, ಕೆಂಪು ಹೂವಾಗಿ ನಿಂತಿತ್ತು. ಅದರ ಮುಳ್ಳಿಗೆ ಸಿಕ್ಕಿ ತನ್ನ ಹೊಸ ಸೀರೆ ಹರಿಯಿತೆಂದು ಸರ್ವಮಂಗಳ ಮಚ್ಚು ಹಿಡಿದು ಬಂದಳು.

“ನನ್ನ ಗಿಡ ಮುಟ್ಟಿದ್ರೆ ಸುಮ್ನಿರಲ್ಲ!” ಎಂದಳು ಪಕ್ಕದ ಮನೆಯ ಇಂದ್ರಮ್ಮ.

“ಕಳ್ಳಿ, ನಿಂದೇನೇ ಮಾತು?”

“ಕಳ್ಳೀನಾ?” ಇಂದ್ರಮ್ಮ ಸುಟ್ಟ ಕಲೆಯ ಅಂಗೈ ಚಾಚಿದಳು. “ನಿನ್ನ ಕೆಂಪು ಹರಳಿನ ಓಲೆ ನಾನು ಕದ್ದಿಲ್ಲ ಅಂತ ಗುಡೀಲಿ ಉರಿಯೋ ಕರ್ಪೂರ ಕೈಯಲ್ಲಿ ಆರಿಸಿ ಆಣೆ ಇಟ್ಟಿದ್ದು ಸಾಲ್ದಾ?”

“ಸುಳ್ಳು ಆಣೆ ಇಟ್ಟಿದ್ದಕ್ಕೇ ಕೈ ಸುಟ್ಟಿದ್ದು!” ಎನ್ನುತ್ತಾ ಸರ್ವಮಂಗಳ ಬಗ್ಗಿ ಬುಡದ ಕೊಂಬೆ ಎತ್ತಿದಳು. ಮಚ್ಚು ಹಿಡಿದ ಕೈ ಹಾಗೇ ನಿಂತಿತು.

“ಯಾಕೆ ನಿಂತೆ? ಕಡಿ!”

“ಹೂ ಬಿಟ್ಟಿದೆ, ಪಾಪ. ಇರ್ಲಿ ಬಿಡು,” ಎಂದು ಅವಳು ಕೊಂಬೆಯನ್ನು ಮೆಲ್ಲಗೆ ಇಳಿಬಿಟ್ಟಳು. ಮುಳ್ಳಿಗೆ ಸಿಕ್ಕಿಕೊಂಡಿದ್ದ ಓಲೆ ಕೆಂಪು ಹೂಗಳೊಳಗೆ ಮತ್ತೆ ಮರೆಯಾಯಿತು.