ಎರಡು ಎಮ್ಮೆ, ಹತ್ತು ನಿಮಿಷ

ತಂತ್ರಜ್ಞಾನ ಸಮ್ಮೇಳನದ ವೇದಿಕೆಯ ಮೇಲೆ ಹತ್ತು ನಿಮಿಷ ನಿಲ್ಲಲು ಸಣ್ಣ ಕಂಪನಿಗಳು ಕಟ್ಟಬೇಕಾದ ಶುಲ್ಕ ಒಂದು ಲಕ್ಷ. ಪ್ರವಾಸಿಗರ ಹಂಗಾಮಾದ್ದರಿಂದ ಜೈಪುರದ ಹೋಟೆಲಿಗೆ ದುಪ್ಪಟ್ಟು ಬಾಡಿಗೆ. ಮೇಲೆ ವಿಮಾನ, ಟ್ಯಾಕ್ಸಿ, ಒಂದು ಹೊಸ ಕೋಟು. ಸುಮಿತ್ರಾಬಾಯಿ ಬೆರಳೆಣಿಸಿ ನೋಡಿದಳು: ಎರಡು ಎಮ್ಮೆ. ಎರಡೂ ಹಾಲು ಕೊಡುತ್ತಿದ್ದವು. ಇಂಡಿ ಪಟ್ಟಣದ ದನದ ಸಂತೆಯಲ್ಲಿ ಹಗ್ಗ ಕೈಬದಲಿಸುವಾಗ ಅವಳು ಹಿಂತಿರುಗಿ ನೋಡಲಿಲ್ಲ.

ಆ ಕೋಟು ತೊಡುವವನು ಅವಳ ತಂಗಿ ವಿದ್ಯಾವತಿಯ ಗಂಡ ಸಂಗಮೇಶ. ಭೂಮಿಯ ಮೇಲೆ ಅವಳಿಗೆ ಅವನಷ್ಟು ಬೇಡವಾದವರು ಇನ್ನೊಬ್ಬರಿರಲಿಲ್ಲ. ಅಂಥವನಿಗೆ ಎಮ್ಮೆ ಮಾರಿ ದುಡ್ಡು ಸುರಿದದ್ದು ಕಂಡು ಅವಳ ಊರು ತಾಂಬಾದ ಜನ ಹುಬ್ಬೇರಿಸಿದರು. ಅವಳ ಜೊತೆ ನಿಂಬೆ ವ್ಯಾಪಾರ ಮಾಡುವ ಅಬಿದಾ ಮಾತ್ರ ನಕ್ಕಳು.

"ಕುರಿ ಕೊಯ್ಯೂ ಮುಂದ ಹಸರ ಹುಲ್ಲ ಹಾಕ್ತಾರಲ್ಲ, ಹಂಗೇನು?"

ಸುಮಿತ್ರಾಬಾಯಿ ನೋಟಿನ ಕಟ್ಟನ್ನು ಚೀಲದ ತಳಕ್ಕೆ ತುರುಕಿದಳು.

ಸಂಗಮೇಶನದು ಬಸವನ ಬಾಗೇವಾಡಿಯಲ್ಲಿ ಮೊಬೈಲ್ ಅಂಗಡಿ. ಈಗ ಅವನು 'ಕಾವಲು' ಎಂಬ ಕ್ಯಾಮೆರಾ ವ್ಯವಸ್ಥೆಯ ಒಡೆಯ. ಮನೆಗೆ ಯಾರು ಬಂದರು, ಯಾರು ಹೊರಟರು, ಯಾವ ಬಾಗಿಲು ತೆರೆಯಿತು, ಎಲ್ಲವನ್ನೂ ಅದು ಫೋನಿಗೆ ಮುಟ್ಟಿಸುತ್ತದೆ. ಅದರ ತಂತ್ರಾಂಶದ ಅಕ್ಷರ ಅಕ್ಷರವನ್ನೂ ಬರೆದವಳು ಇಂಜಿನಿಯರಿಂಗ್ ಓದಿದ ವಿದ್ಯಾವತಿ. ಹೆಸರು ಮಾತ್ರ ಗಂಡನದು. ಮೊದಲ ಕ್ಯಾಮೆರಾಗಳನ್ನು ಅವನು ಕಟ್ಟಿದ್ದು ಅವಳ ಸುತ್ತಲೇ. ಅವಳ ಫೋನು ಕಸಿದುಕೊಂಡ. ಕಂಪ್ಯೂಟರ್ ಮಾತ್ರ ಅವಳಿಗೆ ಬಿಟ್ಟ, ಕಾವಲು ಕೆಟ್ಟರೆ ರಿಪೇರಿಗೆ ಅವಳೇ ಬೇಕಲ್ಲ.

ಎರಡು ಸಲ ಅವಳು ಹೊಸ್ತಿಲು ದಾಟಿದ್ದಳು. ಎರಡು ಸಲವೂ ಅವನ ಫೋನು ಕೂಗಿತು, ಬಸ್ಸು ಬರುವ ಮೊದಲೇ ಅವನು ನಿಲ್ದಾಣದಲ್ಲಿದ್ದ. "ಸಿಟ್ಟ ಮಾಡ್ಯಾಳ್ರಿ" ಎಂದು ಎಲ್ಲರೆದುರು ನಗುತ್ತ ಕರೆದೊಯ್ದ. ಎರಡನೆಯ ಸಲ ಅವಳ ಎಡ ಮಣಿಕಟ್ಟು ಊದಿಕೊಂಡಿತು. ಅದರ ಫೋಟೊ ಸುಮಿತ್ರಾಬಾಯಿಯ ಫೋನಿನಲ್ಲಿತ್ತು.

ಅದನ್ನು ತೆಗೆದದ್ದು ಪಂಚಮಿಯ ಉಂಡಿ ಕೊಡಲು ಹೋದಾಗ. ಮಿಕ್ಸರ್ ಹಚ್ಚಿಟ್ಟು, ಅದರ ಸದ್ದಿನಡಿ ಅಕ್ಕತಂಗಿಯರು ತಲೆಗೆ ತಲೆ ಹಚ್ಚಿ ಮಾತಾಡಿದರು. ಅಂಗಡಿಯಲ್ಲಿ ಕುಳಿತ ಸಂಗಮೇಶನಿಗೆ ಕಂಡದ್ದು ಶೇಂಗಾ ಪುಡಿ ಮಾಡುವ ಇಬ್ಬರು ಹೆಂಗಸರು. ಮರುದಿನವೇ ಸುಮಿತ್ರಾಬಾಯಿ ಅವನ ಅಂಗಡಿಯ ಮೆಟ್ಟಿಲು ಹತ್ತಿ, ಇಂಥ ಬುದ್ಧಿ ಬಾಗೇವಾಡಿಯಲ್ಲಿ ಕೊಳೆಯಬಾರದು, ಜೈಪುರದಲ್ಲಿ ದೇಶಕ್ಕೇ ದೊಡ್ಡ ಸಮ್ಮೇಳನ ಇದೆಯಂತೆ, ಖರ್ಚು ನನ್ನದು, ನೋಡಲು ನಾನೂ ಬರುತ್ತೇನೆ ಎಂದಳು. ಹೊಗಳಿಕೆಯನ್ನು ಹಿಡಿಯುವ ಕ್ಯಾಮೆರಾ ಇನ್ನೂ ಯಾರೂ ಮಾಡಿಲ್ಲ. ಅವನು ಒಪ್ಪಿದ.

ಸಮ್ಮೇಳನದ ದಿನ ಹೋಟೆಲಿನಲ್ಲಿ ಅವನು ನಾಷ್ಟಾ ಮುಟ್ಟಲಿಲ್ಲ. ಸಕ್ಕರೆ ಡಬ್ಬಿಗೆ ಆನಿಸಿಟ್ಟ ಫೋನಿನಲ್ಲಿ ವಿದ್ಯಾವತಿ ಅಂಗಳ ಗುಡಿಸುತ್ತಿದ್ದಳು.

"ಇವತ್ತ ಸೋಮವಾರ್ರಿ ಅಕ್ಕಾರ. ಒಪ್ಪತ್ತು."

"ನಮ್ಮ ಕಡೆ ಸೋಮವಾರ ಎತ್ತಿಗೂ ಸೂಟಿ. ಕೊರಳಿಗೆ ನೊಗಾ ಹಾಕಂಗಿಲ್ಲ. ನಿಮಗ ಇಲ್ಲ ನೋಡ್ರಿ."

ಅವನು ನಕ್ಕ. "ಎತ್ತಿಗೆ ಬಸವಣ್ಣ ಅದಾನ. ನನಗ ಯಾರದಾರ್ರಿ?"

"ನಾ ಅದೀನಲ್ಲ," ಎಂದಳು ಅವಳು.

ಸಮ್ಮೇಳನದ ಜಾಗ ಊರಿಗೆ ಊರೇ ಇದ್ದಂತಿತ್ತು. ಚಹಾ ಹಂಚುವ ಯಂತ್ರ, ನಮಸ್ಕಾರ ಮಾಡುವ ಯಂತ್ರ, ಕೋಟೆ ನೋಡಲು ಬಂದು ಇಲ್ಲಿಗೂ ಇಣುಕುವ ವಿದೇಶಿಯರು. ಸುಮಿತ್ರಾಬಾಯಿ ಎರಡು ಸಲ ದಾರಿ ತಪ್ಪಿ, ಕೊನೆಗೆ ಸಭಾಂಗಣದಲ್ಲಿ ಪ್ರಶ್ನೆಯ ಮೈಕಿನ ಪಕ್ಕದ ಕುರ್ಚಿಯನ್ನೇ ಹುಡುಕಿ ಕುಳಿತಳು. ಆಗ ಅಬಿದಾಳ ಕರೆ ಬಂತು. ಬೆಳಗ್ಗೆ ಹೊರಟ ನಿಂಬೆ ಲಾರಿ ಪುಣೆ ಮುಟ್ಟಿತಂತೆ. ಬಿಸಿಲಿಗೆ ಬಾಡಿಲ್ಲ ತಾನೇ ಎಂದು ಕೇಳಿದಳು. ಇಲ್ಲವಂತೆ. ಫೋನಿಟ್ಟು ಸೆರಗು ಸರಿಮಾಡಿಕೊಂಡಳು. ಇನ್ನುಳಿದದ್ದು ಒಂದೇ ಕೆಲಸ.

ನಾಲ್ಕು ಗಂಟೆಗೆ ಸಂಗಮೇಶ ವೇದಿಕೆ ಹತ್ತಿದ. ಅವನ ಹಿಂದೆ ಗೌಡರ ವಾಡೆಯ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಅವನ ಮನೆಯ ಅಂಗಳ ಮೂಡಿತು. ವಿದ್ಯಾವತಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಮೂಲೆಯಲ್ಲಿ ಇಂದಿನ ತಾರೀಖು, ಈಗಿನ ಗಂಟೆ. ಇದೆಲ್ಲ ತನ್ನ ಒಬ್ಬನ ತಲೆಯಿಂದ ಬಂದದ್ದು ಎಂದ. ಇಷ್ಟು ದೂರದಿಂದಲೂ ಹೆಂಡತಿ ತನ್ನ ಮುಷ್ಟಿಯಲ್ಲಿದ್ದಾಳೆ ಎಂದು ಫೋನು ಎತ್ತಿ ತೋರಿಸಿದ. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಪರದೆಯಲ್ಲಿ ಗೇಟಿನಾಚೆ ನೆರೆಯ ಧರೆಪ್ಪನ ಬಂಡಿ ಹಾದುಹೋಯಿತು.

ಪ್ರಶ್ನೆಗಳಿವೆಯೇ ಎಂದರು. ಸುಮಿತ್ರಾಬಾಯಿ ಎದ್ದಳು.

ಅವಳ ಕೈಯಲ್ಲಿ ಫೋನಿತ್ತು. ಅದರಲ್ಲಿ ಏನಿರಬಹುದೆಂದು ಸಂಗಮೇಶನಿಗೆ ಆ ಕ್ಷಣ ಹೊಳೆದಿರಬೇಕು, ಅವನ ನಗು ಅರ್ಧಕ್ಕೇ ನಿಂತಿತು. ಅವಳು ಫೋನನ್ನು ಚೀಲಕ್ಕೆ ಹಾಕಿ ಮೈಕು ಹಿಡಿದಳು.

"ಗೇಟಿನ ಹೊರಗ ಏನೋ ಹಾದು ಹೋತಲ್ರಿ, ಅದೇನು?"

ಅವನಿಗೆ ಉಸಿರು ಬಂತು. ಚಿತ್ರವನ್ನು ಹಿಂದಕ್ಕೋಡಿಸಿ ನಿಲ್ಲಿಸಿದ. "ನಮ್ಮ ಧರೆಪ್ಪನ ಎತ್ತ್ರಿ ಅಕ್ಕಾರ. ಬಂಡಿ ಹೂಡಿಕೊಂಡು ಹೊಲದಿಂದ ಬರಾಕತ್ತಾನ. ಕಾವಲು ಒಂದ ನೊಣಾನೂ ಬಿಡಂಗಿಲ್ಲ."

"ಹೌದ್ರಿ? ಸೋಮವಾರ?"

ಸಂಗಮೇಶ ಪರದೆಯತ್ತ ತಿರುಗಿದ. ಬಾಗೇವಾಡಿಯಲ್ಲಿ ಹುಟ್ಟಿದವನು. ಎತ್ತುಗಳ ಕೊರಳ ಮೇಲಿನ ನೊಗವನ್ನು ನೋಡಿದ, ಮೂಲೆಯ ತಾರೀಖನ್ನು ನೋಡಿದ, ಮತ್ತೆ ನೊಗವನ್ನು ನೋಡಿದ. ಅವನ ಬೆರಳು ಫೋನಿನ ಮೇಲೆ ಹುಚ್ಚು ಹಿಡಿದಂತೆ ಓಡತೊಡಗಿತು. ಹತ್ತು ನಿಮಿಷ ಮುಗಿಯಿತೆಂದುಕೊಂಡು ಸಭೆ ಮತ್ತೊಮ್ಮೆ ಚಪ್ಪಾಳೆ ತಟ್ಟಿತು.

ಪರದೆಯ ಮೇಲಿದ್ದದ್ದು ಭಾನುವಾರ. ಅದಕ್ಕೆ ಸೋಮವಾರದ ತಾರೀಖು ಹಚ್ಚಿ, ತಾನೇ ಬರೆದ ಕಾವಲಿನ ಬಾಯಿ ಮುಚ್ಚಿಸಿ, ವಿದ್ಯಾವತಿ ನಸುಕಿನಲ್ಲೇ ನಿಂಬೆ ಲಾರಿ ಹತ್ತಿದ್ದಳು. ಎರಡು ಎಮ್ಮೆ ಹೋದವು, ತಂಗಿ ಸಿಕ್ಕಳು.