ಕೆಂಪಾದ ನೀಲಿ ನೀರು

ಈಗ ಸಕ್ಕರೆ ಪರೀಕ್ಷೆಗೆಂದು ನನ್ನ ಬೆರಳಿಗೆ ಸ್ಪಿರಿಟ್ ಹಚ್ಚಿದಾಗಲೆಲ್ಲ, ನಿಜಾಮರ ಕಾಲದ ಲಿಂಗಸುಗೂರಿನ ದವಾಖಾನೆಯ ಒಂದು ಮಧ್ಯಾಹ್ನ ಆ ವಾಸನೆಯೊಡನೆ ಬಂದು ನಿಲ್ಲುತ್ತದೆ.

ಅಕ್ಕನಿಗೆ ಆಗ ಒಂಬತ್ತು ವರ್ಷ. ಹತ್ತು ತುಂಬಲೇ ಇಲ್ಲ. ಎಷ್ಟು ನೀರು ಕುಡಿದರೂ ಅವಳ ನೀರಡಿಕೆ ಹೋಗುತ್ತಿರಲಿಲ್ಲ, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಅವ್ವ ನಮ್ಮಿಬ್ಬರನ್ನೂ ಮುದಗಲ್ಲಿನಿಂದ ಚಕ್ಕಡಿಯಲ್ಲಿ ಕರೆತಂದಿದ್ದಳು. ಡಾಕ್ಟರ್ ಸಾಹೇಬರು ಗಾಜಿನ ನಳಿಗೆಯಲ್ಲಿದ್ದ ನೀಲಿ ಔಷಧಿಗೆ ಅಕ್ಕನ ಮೂತ್ರದ ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಕೆಂಪಾಗಿ ನಿಂತಿತು. ಅವರು ನಳಿಗೆ ಹಿಡಿದುಕೊಂಡು ಒಳಗೆ ಹೋದರು.

ಅವ್ವ ಕೈಮುಗಿದಳು.

"ಕುಂಕುಮದ ಬಣ್ಣ ಬಂತು! ದೇವರು ಕಣ್ಣು ತೆರದಾನ. ಇನ್ನ ಅಂಜಿಕಿ ಇಲ್ಲ ಮಗಳ."

ಒಳ್ಳೆಯ ಸುದ್ದಿ ಬಂದರೆ ಬಾಯಿ ಸಿಹಿ ಮಾಡಲೆಂದು ಸೆರಗಿನಲ್ಲಿ ಗಂಟು ಹಾಕಿ ತಂದಿದ್ದ ಬೆಲ್ಲವನ್ನು ಬಿಚ್ಚಿ, ಒಂದು ತುಂಡು ಅಕ್ಕನ ಬಾಯಿಗೆ ಹಾಕಿದಳು.

ಸಾಹೇಬರು ಹೊರಗೆ ಬಂದರು.

"ನೀಲಿ ನೀಲಿನ ಉಳಿಬೇಕಿತ್ತು ತಾಯಿ. ಕೆಂಪಾತಂದ್ರ ಸಕ್ಕರಿ ಬ್ಯಾನಿ ಭಾಳ ಬಲತೈತಿ ಅಂತ. ಸಿಹಿ ಮುಟ್ಟಸಬ್ಯಾಡ್ರಿ. ಇಷ್ಟ ಸಣ್ಣ ಹುಡುಗಿಗೆ..."

ಅವ್ವ ಅಕ್ಕನ ಬಾಯಿಗೆ ಬೆರಳು ಹಾಕಿ ತಡಕಾಡಿದಳು. ಬೆಲ್ಲ ಇರಲಿಲ್ಲ.

"ಯವ್ವಾ, ನಾ ನುಂಗಿಬಿಟ್ಟೆ," ಎಂದಳು ಅಕ್ಕ. "ತಪ್ಪಾತೇನಬೇ?"

ಅವ್ವ ಸೆರಗಿನಿಂದ ಅವಳ ತುಟಿ ಒರೆಸಿದಳು. ಒರೆಸುತ್ತಲೇ ಇದ್ದಳು.