ಬೆಳಗಬಾರದ ನೀರು

ನೀರು ಮತ್ತೆ ಬೆಳಗಿತು.

ಕಿಟಕಿಗಳಿಗೆ ಕಪ್ಪು ಪರದೆ ಎಳೆದಿದ್ದ ಪ್ರಯೋಗಾಲಯದಲ್ಲಿ ಆ ನೀಲಿ ಬೆಳಕನ್ನು ಕಂಡು ರಸಾಯನಶಾಸ್ತ್ರಜ್ಞೆಯ ಮೈ ಉರಿದುಹೋಯಿತು. ಅಣುವಿನ ಒಂದು ಕೊಂಡಿ ಅಲ್ಲಿ ಕಿತ್ತು, ಒಂದು ಉಂಗುರ ಇಲ್ಲಿ ಜೋಡಿಸಿ, ವರ್ಷಗಟ್ಟಲೆ ಕೂತು ಅವಳು ಕಟ್ಟಿದ ಸಂಯುಕ್ತ ಅದು. ಎಂಜಲಿನಲ್ಲಿರುವ ಒಂದು ಕಿಣ್ವ ಚೂರು ಸೋಕಿದರೂ ಸಾಕು, ಹೊಳೆಯುತ್ತದೆ; ಒಸಡು ಕೆಟ್ಟಷ್ಟೂ ಹೊಳಪು ಹೆಚ್ಚು. ಹಲ್ಲು ಅಲುಗಾಡುವ ಮೊದಲೇ ಒಸಡಿನ ರೋಗವನ್ನು ಹಿಡಿಯುವ ಪರೀಕ್ಷೆಗೆಂದು ಮಾಡಿದ್ದು. ರೋಗಿಯ ಎಂಜಲಿನ ಟ್ಯೂಬು ಬೆಳಗಬೇಕು, ಬರೀ ನೀರಿನ ಟ್ಯೂಬು ಕತ್ತಲಾಗಿಯೇ ಇರಬೇಕು. ನೀರೂ ಬೆಳಗಿದರೆ ಪರೀಕ್ಷೆಗೆ ಮೂರು ಕಾಸಿನ ಬೆಲೆಯಿಲ್ಲ. ನಾಳೆಯೇ ಪರೀಕ್ಷಕಿ ಬರುವವರಿದ್ದರು. ಅವರು ಒಪ್ಪದಿದ್ದರೆ ಪ್ರಯೋಗಾಲಯಕ್ಕೆ ಬೀಗ.

ಕೆಡಿಸುತ್ತಿರುವುದು ಯಾರೆಂದು ಅವಳಿಗೆ ಗೊತ್ತೇ ಇತ್ತು. ಅಲ್ಲಿದ್ದದ್ದೇ ಇಬ್ಬರು: ಅವಳು, ಮತ್ತು ಸಹಾಯಕನಾಗಿದ್ದ ಅವಳ ಮೈದುನ. ಬೇರೆಲ್ಲೂ ಕೆಲಸ ಗಿಟ್ಟದವನನ್ನು ಗಂಡನ ಮಾತಿಗೆ ಕಟ್ಟುಬಿದ್ದು ಸೇರಿಸಿಕೊಂಡಿದ್ದಳು. ಅವನ ಜೇಬಿನಲ್ಲಿ ಯಾವಾಗಲೂ ಕಡಲೆಬೀಜ.

"ಮತ್ತೆ ಬಾಯಾಡಿಸ್ಕೊಂಡು ಬಂದ್ಯಾ?"

"ಇಲ್ಲ ಅತ್ತಿಗೆ. ಬೆಳಿಗ್ಗೆಯಿಂದ ಒಂದು ಕಾಳೂ ಮುಟ್ಟಿಲ್ಲ."

"ಇಲ್ಲಿ ಮೇಡಂ ಅನ್ನು."

"ಇಲ್ಲ ಮೇಡಂ. ಎರಡೆರಡು ಮಾಸ್ಕ್ ಹಾಕ್ಕೊಂಡಿದೀನಿ, ನೋಡಿ."

ಪಾಪ, ಹಾಕಿಕೊಂಡಿದ್ದ. ಆದರೂ ದಿನಾ ಕೆಲಸಕ್ಕೆ ಮೊದಲು ಅವನಿಗೆ ಸ್ವಚ್ಛತೆಯ ಪಾಠ ತಪ್ಪುತ್ತಿರಲಿಲ್ಲ. ತೆರೆದ ಟ್ಯೂಬುಗಳ ಸಾಲಿನ ಮೇಲೆ ಬಾಗಿ, ಒಂದೊಂದಕ್ಕೂ ಬೆರಳು ತೋರಿಸುತ್ತಾ, ಅತ್ತಿಗೆ ಅ ಆ ಇ ಈಯಿಂದ ಶುರುಮಾಡುವಳು. ಆ ದನಿಗೆ ಕಿಟಕಿಯ ಹೊರಗಿನ ಪಾರಿವಾಳಗಳು ಹಾರಿಹೋಗುತ್ತಿದ್ದವು. ಅವಳ ಮಾಸ್ಕ್ ಆಗ ಗದ್ದಕ್ಕೆ ಇಳಿದಿರುತ್ತಿತ್ತು. ಬಟ್ಟೆಯೊಳಗಿನಿಂದ ಬೈದರೆ ಬೈದ ಹಾಗಾಗುತ್ತದೆಯೇ?

"ನಾಳೆ ಇದು ಬೆಳಗ್ಲಿ, ನಿನ್ನನ್ನ ಮನೆಗೆ ಕಳಿಸ್ತೀನಿ. ನಿಮ್ಮಣ್ಣ ಬಂದು ಕಾಲಿಗೆ ಬಿದ್ರೂ ಕೇಳಲ್ಲ."

ಮೈದುನನ ಮುಖ ಸಪ್ಪಗಾಯಿತು. ಇದೊಂದು ಕೆಲಸವೂ ಹೋದರೆ ಅವನನ್ನು ಕೇಳುವವರಿರಲಿಲ್ಲ. ಅವಳಿಗೆ ಅದೂ ಗೊತ್ತಿತ್ತು. ಆದರೂ ಸಂಜೆಯವರೆಗೆ ಬಿಡದೆ ಬೈದಳು.

ಮರುದಿನ ಅವಳ ಗಂಟಲು ಕಟ್ಟಿಹೋಗಿತ್ತು. ಒಂದಕ್ಷರ ಹೊರಡಲೊಲ್ಲದು. ಪರೀಕ್ಷಕಿಗೆ ಕೈಸನ್ನೆಯಲ್ಲೇ ಸ್ವಾಗತವಾಯಿತು. ಆವತ್ತು ಪಾಠವೂ ಇಲ್ಲ. ಮೈದುನ ಎರಡೂ ಟ್ಯೂಬುಗಳಿಗೆ ಸಂಯುಕ್ತ ಹಾಕಿ, ದೂರದ ಗೋಡೆಗೆ ಹೋಗಿ ಆನಿಕೊಂಡ. ದೀಪ ಆರಿಸಿದರು.

ರೋಗಿಯ ಟ್ಯೂಬು ಝಗ್ಗನೆ ಬೆಳಗಿತು. ನೀರಿನದು ಕತ್ತಲಾಗಿಯೇ ಉಳಿಯಿತು.

"ಭೇಷ್," ಎಂದರು ಪರೀಕ್ಷಕಿ. "ನನ್ನ ಒಪ್ಪಿಗೆ ಇದೆ."

ಅತ್ತಿಗೆಯ ಕಣ್ಣು ತುಂಬಿಬಂತು. ಸಂತೋಷದ ಬೆನ್ನಿಗೇ ಇಷ್ಟು ದಿನದ ಸಿಟ್ಟು ಬಂತು, ಸಿಟ್ಟಿನ ಜೊತೆ ಹೋದ ದನಿಯೂ ಬಂತು. ದೀಪ ಹಾಕುವವರೆಗೂ ತಡೆಯಲಾಗದೆ, ಮಾಸ್ಕ್ ಕೆಳಗೆಳೆದು, ನೀರಿನ ಟ್ಯೂಬಿನ ಮೇಲೆ ಬಾಗಿದಳು.

"ನೋಡಿದ್ಯಾ? ಇವತ್ತು ಬಾಯಿ ಮುಚ್ಕೊಂಡಿದ್ದೆ, ನೀರು ತೆಪ್ಪಗಿದೆ. ಇಷ್ಟು ದಿನ ಎಲ್ಲಾ ಕೆಡಿಸಿದ್ದು ಯಾರ ಬಾಯಿ ಅಂತ ಈಗಲಾದ್ರೂ ಗೊತ್ತಾಯ್ತಾ?"

"ಗೊತ್ತಾಯ್ತು ಅತ್ತಿಗೆ," ಎಂದ ಮೈದುನ, ಅವಳ ಮೂಗಿನ ಕೆಳಗೇ ನೀಲಿಯಾಗಿ ಬೆಳಗುತ್ತಿದ್ದ ನೀರನ್ನು ನೋಡುತ್ತಾ.